ಹುಬ್ಬಳ್ಳಿ ನಿಲ್ದಾಣ: ದೂರದೂರಿಗೆ ಹತ್ತಿರ, ಹತ್ತಿರದೂರಿಗೆ ದೂರ

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣದ ಹೊಸ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. 2023ರ ಮಾರ್ಚ್ 12ರಂದು ಪ್ರಧಾನಿ ನರೇಂದ್ರ ಮೋದಿ ಅದನ್ನು ಲೋಕಾರ್ಪಣೆ ಮಾಡಿದರು. ಅಲ್ಲಿಯವರೆಗೆ 1,366 ಮೀಟರ್ ಉದ್ದದ ಪ್ಲಾಟ್‌ಫಾರ್ಮಿನಿಂದ ಮೊದಲ ಸ್ಥಾನದಲ್ಲಿದ್ದ ಉತ್ತರ ಪ್ರದೇಶದ ಗೋರಖ್‌ಪುರ ಅಂದಿನಿಂದ ಎರಡನೇ ಸ್ಥಾನಕ್ಕೆ ಸರಿಯಿತು. ಸುಮಾರು 20 ಕೋಟಿ ರೂಪಾಯಿ ವೆಚ್ಚದ ಈ ಕಾಮಗಾರಿಯಿಂದ ಹುಬ್ಬಳ್ಳಿಯ ಹೆಸರು ಗಿನ್ನೆಸ್ ದಾಖಲೆಗೆ ಸೇರಿತು. ಅದೇ ದಿನ ಹೊಸಪೇಟೆ–ಹುಬ್ಬಳ್ಳಿ–ತಿನೈಘಾಟ್ ಮಾರ್ಗದ ವಿದ್ಯುದೀಕರಣವೂ ಲೋಕಾರ್ಪಣೆಗೊಂಡಿತು. ಅದರ ಬೆನ್ನಿಗೇ ಜೂನ್ 27ರಂದು ಬೆಂಗಳೂರು–ಧಾರವಾಡ ವಂದೇ ಭಾರತ್ ರೈಲು ಓಡಿತು. 2024ರ ಸೆಪ್ಟೆಂಬರ್‌ನಲ್ಲಿ ಪುಣೆ–ಹುಬ್ಬಳ್ಳಿ ನಡುವೆ ಮತ್ತೊಂದು ವಂದೇ ಭಾರತ್ ಬಂದಿತು. 2025ರ ಆಗಸ್ಟ್‌ನಲ್ಲಿ ಬೆಂಗಳೂರು–ಬೆಳಗಾವಿ ನಡುವೆ ಪ್ರತ್ಯೇಕ ವಂದೇ ಭಾರತ್ ಆರಂಭವಾಯಿತು.

ಉತ್ತರ ಕರ್ನಾಟಕದ ಮಟ್ಟಿಗೆ ಇವೆಲ್ಲ ಸಣ್ಣ ಸಾಧನೆಗಳಲ್ಲ. ಆದರೆ ಒಂದು ನಿಲ್ದಾಣದ ಹಿರಿಮೆಯನ್ನು ಪ್ಲಾಟ್‌ಫಾರ್ಮಿನ ಉದ್ದದಿಂದಲೋ ಅಲ್ಲಿಂದ ಹೊರಡುವ ಗಾಡಿಯ ವೇಗದಿಂದಲೋ ಮಾತ್ರ ಅಳೆಯಲಾಗದು. 2011ರ ಜನಗಣತಿಯಂತೆ ಧಾರವಾಡ ಜಿಲ್ಲೆಯ ಜನಸಂಖ್ಯೆ 18.47 ಲಕ್ಷ. ಅದರಲ್ಲಿ ಹುಬ್ಬಳ್ಳಿ–ಧಾರವಾಡ ಮಹಾನಗರದ ಪಾಲು 9.43 ಲಕ್ಷ. ಉಳಿದ ಅರ್ಧದಷ್ಟು ಜನ ಅವಳಿ ನಗರದ ಹೊರಗಿದ್ದಾರೆ. ಕುಂದಗೋಳ, ಅಣ್ಣಿಗೇರಿ, ನವಲಗುಂದ, ಕಲಘಟಗಿ ಈ ನಾಲ್ಕೂ ತಾಲೂಕು ಕೇಂದ್ರಗಳು ಹುಬ್ಬಳ್ಳಿಯಿಂದ ಸುಮಾರು 20ರಿಂದ 40 ಕಿ.ಮೀ. ಅಂತರದಲ್ಲಿವೆ. ಆಸ್ಪತ್ರೆ, ಕಾಲೇಜು, ಮಾರುಕಟ್ಟೆ, ಕೂಲಿ, ನೌಕರಿ ಎಲ್ಲದಕ್ಕೂ ಅಲ್ಲಿನವರಿಗೆ ಹುಬ್ಬಳ್ಳಿಯೇ ದಿಕ್ಕು. ನಾಲ್ಕರಲ್ಲಿ ಎರಡಕ್ಕೆ ರೈಲು ಹಳಿ ಇದೆ, ಎರಡಕ್ಕೆ ಇಲ್ಲ. ಹಳಿ ಇರುವ ಊರುಗಳಿಗೂ ಆ ಹಳಿ ಎಷ್ಟು ಒದಗುತ್ತಿದೆ ಎಂಬುದು ಬೇರೆಯದೇ ಪ್ರಶ್ನೆ. ಪುಣೆ, ಬೆಂಗಳೂರುಗಳನ್ನು ಹತ್ತಿರಕ್ಕೆ ತಂದ ಹುಬ್ಬಳ್ಳಿ ನಿಲ್ದಾಣ ತನ್ನದೇ ಜಿಲ್ಲೆಯ ಹಳ್ಳಿಗಳಿಗೆ ಎಷ್ಟು ಹತ್ತಿರವಾಗಿದೆ ಎಂಬುದನ್ನು ಈಗ ಕೇಳಬೇಕಾಗಿದೆ.

ಹತ್ತಿ ತೋರಿದ ದಾರಿ

ಈ ಅಸಮತೋಲನದ ಬೇರು ಸುಮಾರು 140 ವರ್ಷ ಹಿಂದಕ್ಕೆ ಹೋಗುತ್ತದೆ. ರೈಲು ಬರುವ ಮುನ್ನ ಧಾರವಾಡ ಸೀಮೆಯ ಎರೆ ಭೂಮಿಯಲ್ಲಿ ಬೆಳೆದ ಹತ್ತಿ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕರಾವಳಿ ಸೇರುತ್ತಿತ್ತು. ಕುಮಟಾ ಬಂದರಿನಿಂದ ಹಡಗು ಏರುತ್ತಿದ್ದ ಕಾರಣ ಈ ಸೀಮೆಯ ಹತ್ತಿಗೆ ವ್ಯಾಪಾರಿಗಳ ವಲಯದಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಗಿತ್ತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತುಹೋಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಬೇಡಿಕೆ ಏರಿತು. ಕಾರವಾರದ ಬಂದರನ್ನು ಬೆಳೆಸಿ ಅಲ್ಲಿಂದ ಹುಬ್ಬಳ್ಳಿ ಕಡೆಗೆ ರೈಲು ಹಾಕಬೇಕೆಂಬ ಚರ್ಚೆ ನಡೆದದ್ದು ಇದೇ ಕಾಲಘಟ್ಟದಲ್ಲಿ. ಆ ಯೋಜನೆ ಕೈಗೂಡಿದ್ದರೆ ಹುಬ್ಬಳ್ಳಿಯಿಂದ ಕರಾವಳಿಗೆ ಇಳಿಯುವ ದಾರಿಯ ಮೇಲಿದ್ದ ಕಲಘಟಗಿಗೆ ಅಂದೇ ರೈಲು ಬರುವ ಸಾಧ್ಯತೆ ಇತ್ತು.

ಆದರೆ ಇತಿಹಾಸ ಬೇರೆ ತಿರುವು ಪಡೆಯಿತು. 1878ರ ಡಿಸೆಂಬರ್‌ನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಗೋವೆಯ ಮುರಗಾಂವ ಬಂದರಿನಿಂದ ಘಟ್ಟ ಹತ್ತಿ ಬರುವ ರೈಲು ಮಾರ್ಗಕ್ಕೆ ಹಾದಿ ತೆರೆಯಿತು. ಕಾರವಾರದ ಯೋಜನೆ ಮೂಲೆ ಸೇರಿತು. 1876–78ರ ಭೀಕರ ಬರಗಾಲ ಮುಂಬಯಿ ಪ್ರಾಂತದ ದಕ್ಷಿಣ ಜಿಲ್ಲೆಗಳಿಗೆ ರೈಲಿನ ಅಗತ್ಯವನ್ನು ಮನಗಾಣಿಸಿತ್ತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಮೊದಲು ಹೊಟಗಿ–ಗದಗ ಮಾರ್ಗವನ್ನು ಕೈಗೆತ್ತಿಕೊಂಡಿತು. ಮುಂದೆ ಬಳ್ಳಾರಿ ಕಡೆಯಿಂದ ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ ಹಾದು ಕ್ಯಾಸಲ್‌ರಾಕ್ ತಲುಪುವ ಮೀಟರ್‌ಗೇಜ್ ಮಾರ್ಗವನ್ನು ನಿರ್ಮಿಸಿತು. 1880ರ ದಶಕ ಮುಗಿಯುವ ಹೊತ್ತಿಗೆ ಈ ಹಳಿ ಗೋವೆಯ ಮಾರ್ಗವನ್ನು ಕೂಡಿಕೊಂಡಿತ್ತು. ಇನ್ನೊಂದು ಕಡೆ ಹುಬ್ಬಳ್ಳಿಯಿಂದ ದಕ್ಷಿಣಕ್ಕೆ ಹರಿಹರದ ಮೂಲಕ ಮೈಸೂರು ಸಂಸ್ಥಾನದ ರೈಲಿಗೆ ಸಂಪರ್ಕ ದೊರೆಯಿತು.

ಹೀಗೆ ಪೂರ್ವಕ್ಕೆ ಗದಗ, ದಕ್ಷಿಣಕ್ಕೆ ಹರಿಹರ, ವಾಯವ್ಯಕ್ಕೆ ಧಾರವಾಡ–ಲೋಂಡಾ, ಮೂರೂ ದಿಕ್ಕಿನ ಹಳಿಗಳು ಕೂಡುವ ಜಾಗದಲ್ಲಿ ಹುಬ್ಬಳ್ಳಿ ಜಂಕ್ಷನ್ ಆಯಿತು. 1885ರಲ್ಲಿ ಇಲ್ಲಿ ರೈಲ್ವೆ ಕಾರ್ಯಾಗಾರ ಆರಂಭವಾಯಿತು. ಕಂಪನಿಯ ಆಡಳಿತ ಕಚೇರಿ ಮಾತ್ರ ಧಾರವಾಡದಲ್ಲಿತ್ತು. ಇಂದು ಕರ್ನಾಟಕ ಕಾಲೇಜು ನಡೆಯುತ್ತಿರುವ ಭವ್ಯ ಕಟ್ಟಡವೇ ಆ ಕಚೇರಿ. 1908ರಲ್ಲಿ ಕಂಪನಿ ಮದ್ರಾಸ್ ರೈಲ್ವೆಯೊಂದಿಗೆ ವಿಲೀನವಾಗಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆ ಎನಿಸಿತು. ಒಂದು ಊರಿಗೆ ಕಚೇರಿ, ಇನ್ನೊಂದಕ್ಕೆ ಕಾರ್ಯಾಗಾರ ಮತ್ತು ಜಂಕ್ಷನ್ ಎಂಬ ಹಂಚಿಕೆ ಅವಳಿ ನಗರದ ಸ್ವಭಾವವನ್ನೇ ರೂಪಿಸಿತು. ಧಾರವಾಡ ವಿದ್ಯೆ, ಕಚೇರಿಗಳ ಊರಾಯಿತು. ಹುಬ್ಬಳ್ಳಿ ವ್ಯಾಪಾರ, ದುಡಿಮೆಯ ಊರಾಯಿತು.

ಗ್ರಾಮೀಣ ಧಾರವಾಡದ ಮಟ್ಟಿಗೂ ಅದೇ ದಶಕದಲ್ಲಿ ತೀರ್ಮಾನವಾಗಿಹೋಯಿತು. ಗದಗ ಮಾರ್ಗದ ಮೇಲಿದ್ದ ಅಣ್ಣಿಗೇರಿಗೆ ರೈಲು ಬಂತು. ಹರಿಹರ ಮಾರ್ಗದ ಮೇಲಿದ್ದ ಕುಂದಗೋಳ, ಸಂಶಿ, ಗುಡಗೇರಿಗಳಿಗೂ ಬಂತು. ಉತ್ತರದ ನವಲಗುಂದಕ್ಕೂ ನೈರುತ್ಯದ ಕಲಘಟಗಿಗೂ ಬರಲಿಲ್ಲ. ಬಂದರಿಗೆ ಸರಕು ಸಾಗಿಸುವ ಲೆಕ್ಕದಲ್ಲಿ ಎಳೆದ ಗೆರೆ ಅದು. ದೇಶಕ್ಕೆ ಸ್ವಾತಂತ್ರ್ಯ ಬಂತು, ರಾಜ್ಯ ಒಂದಾಯಿತು, ಆದರೆ ಈ ನಾಲ್ಕು ಊರುಗಳ ಪಾಲಿಗೆ ಆ ಗೆರೆ ಇಂದಿಗೂ ಕದಲಿಲ್ಲ.

ಕುಂದಗೋಳಕ್ಕೆ ಹೋಗುತ್ತಿದ್ದ ಗಾಡಿ

ಹತ್ತಿರದ ಊರಿಗೆ ಓಡುವ ಒಂದು ಸಾಮಾನ್ಯ ಗಾಡಿ ಏನೆಲ್ಲ ಮಾಡಬಲ್ಲದು ಎಂಬುದಕ್ಕೆ ಕುಂದಗೋಳವೇ ಸಾಕ್ಷಿ. ಕಿರಾನಾ ಘರಾಣೆಯ ಮಹಾಗಾಯಕ ಸವಾಯಿ ಗಂಧರ್ವ (1886–1952) ಈ ಊರಿನವರು. ನಾಟಕ ಕಂಪನಿಗಳ ಅಲೆದಾಟ ಮುಗಿಸಿ ಅವರು ಕುಂದಗೋಳದಲ್ಲಿ ನೆಲೆಸಿದಾಗ, ಹುಬ್ಬಳ್ಳಿಯಲ್ಲಿದ್ದ ಗಂಗೂಬಾಯಿ ಹಾನಗಲ್ಲ ಅವರು ರೈಲಿನಲ್ಲಿ ಅಲ್ಲಿಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಿದ್ದರು. ಗದಗಿನ ಭೀಮಸೇನ ಜೋಶಿ ಅವರು ಗುರುವಿನ ಮನೆಯಲ್ಲೇ ಇದ್ದು ಕಲಿತರು. ಸ್ವಂತ ವಾಹನದ ಮಾತೇ ಇಲ್ಲದ 1930ರ ದಶಕದಲ್ಲಿ, ಗೃಹಸ್ಥೆಯಾದ ಹೆಣ್ಣುಮಗಳೊಬ್ಬರು ಬೇರೆ ಊರಿಗೆ ಹೋಗಿ ವಿದ್ಯೆ ಕಲಿತು ಮನೆಗೆ ಮರಳಲು ಸಾಧ್ಯವಾಗಿದ್ದು ಹೊತ್ತಿಗೆ ಸರಿಯಾಗಿ ಒಂದು ಗಾಡಿ ಇದ್ದುದರಿಂದ.

ಇಂದು ಕುಂದಗೋಳ, ಸಂಶಿ, ಗುಡಗೇರಿಗಳಿಂದ ಹುಬ್ಬಳ್ಳಿಯ ಕಾಲೇಜಿಗೆ ಹೋಗುವ ವಿದ್ಯಾರ್ಥಿನಿಗೂ, ಅಣ್ಣಿಗೇರಿಯಿಂದ ಅಂಗಡಿ ಕೆಲಸಕ್ಕೆ ಬರುವ ಯುವಕನಿಗೂ ಬೇಕಾದದ್ದು ಅದೇ. ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಒಂದು ಗಾಡಿ, ಸಂಜೆ ಮನೆಗೆ ಮರಳಲು ಇನ್ನೊಂದು ಗಾಡಿ, ಕೈಗೆಟಕುವ ಟಿಕೆಟ್ ದರ. ಪ್ಲಾಟ್‌ಫಾರ್ಮ್ ಒಂದೂವರೆ ಕಿ.ಮೀ. ಇರಲಿ, ಅರ್ಧ ಕಿ.ಮೀ. ಇರಲಿ, ಅವರ ದಿನಚರಿ ಅದರಿಂದ ಬದಲಾಗುವುದಿಲ್ಲ.

ವಲಯ ಬಂತು, ಜೋಡಿ ಹಳಿಯೂ ಬಂತು

ಸ್ವಾತಂತ್ರ್ಯಾನಂತರ ಹುಬ್ಬಳ್ಳಿಯ ಆಡಳಿತ ನಂಟು ಹಲವು ಬಾರಿ ಬದಲಾಯಿತು. 1951ರಲ್ಲಿ ಅದು ದಕ್ಷಿಣ ರೈಲ್ವೆಗೆ ಸೇರಿತು. 1966ರಲ್ಲಿ ಸಿಕಂದರಾಬಾದ್ ಕೇಂದ್ರವಾಗುಳ್ಳ ದಕ್ಷಿಣ ಮಧ್ಯ ರೈಲ್ವೆಯ ಪಾಲಾಯಿತು. ಕರ್ನಾಟಕದ ರೈಲು ಬೇಡಿಕೆಗಳಿಗೆ ಚೆನ್ನೈ, ಸಿಕಂದರಾಬಾದುಗಳಲ್ಲಿ ಕಿವಿಗೊಡುವವರಿಲ್ಲ ಎಂಬ ಅಸಮಾಧಾನ ದಶಕಗಳ ಕಾಲ ಹೊಗೆಯಾಡಿತು. ಹೊಸ ವಲಯದ ಕೇಂದ್ರ ಎಲ್ಲಿರಬೇಕೆಂಬ ಪ್ರಶ್ನೆ ಎದ್ದಾಗ ಹುಬ್ಬಳ್ಳಿ–ಧಾರವಾಡದ ಜನ ಬೀದಿಗಿಳಿದು ಹೋರಾಡಿದರು. ಅಂತಿಮವಾಗಿ 2003ರ ಏಪ್ರಿಲ್ 1ರಂದು ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಅಸ್ತಿತ್ವಕ್ಕೆ ಬಂತು. ಹುಬ್ಬಳ್ಳಿ, ಬೆಂಗಳೂರು, ಮೈಸೂರು ವಿಭಾಗಗಳು ಅದರ ವ್ಯಾಪ್ತಿಗೆ ಬಂದವು. ಗದಗ ರಸ್ತೆಯ ರೈಲ್ ಸೌಧ ಅದರ ಆಡಳಿತ ಕೇಂದ್ರ.

1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ನಂತರ ಜೋಡಿ ಮಾರ್ಗದ ಕಾಮಗಾರಿ ನಡೆಯಿತು. ಕುಂದಗೋಳದ ಮೇಲೆ ಹಾಯುವ ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ ಸುಮಾರು 190 ಕಿ.ಮೀ. ಮಾರ್ಗವೂ, ಅಣ್ಣಿಗೇರಿಯ ಮೇಲೆ ಹಾಯುವ ಹುಬ್ಬಳ್ಳಿ–ಗದಗ ಮಾರ್ಗವೂ ಜೋಡಿ ಹಳಿ ಕಂಡವು. ಎರಡೂ ಮಾರ್ಗಗಳಿಗೆ ವಿದ್ಯುತ್ ತಂತಿ ಬಂತು. ಹುಬ್ಬಳ್ಳಿ ನಿಲ್ದಾಣದ ಪ್ಲಾಟ್‌ಫಾರ್ಮುಗಳ ಸಂಖ್ಯೆ ಐದರಿಂದ ಎಂಟಕ್ಕೆ ಏರಿತು. ಗದಗ ರಸ್ತೆಯ ಕಡೆಯಿಂದಲೂ ಪ್ರವೇಶದ್ವಾರವಾಯಿತು. 2020ರ ಸೆಪ್ಟೆಂಬರ್‌ನಲ್ಲಿ ನಿಲ್ದಾಣಕ್ಕೆ ಸಿದ್ಧಾರೂಢರ ಹೆಸರಿಡಲಾಯಿತು. ಜಾತಿ, ಮತ ನೋಡದೆ ಬಂದವರಿಗೆಲ್ಲ ಅನ್ನವಿಕ್ಕಿದ ಮಠದ ಸ್ವಾಮಿಗಳ ಹೆಸರನ್ನು ಎಲ್ಲರೂ ಬಂದು ಹೋಗುವ ತಾಣಕ್ಕೆ ಇಟ್ಟಿದ್ದು ಉಚಿತವೇ ಆಯಿತು.

ಈ ಬೆಳವಣಿಗೆಗಳ ಪೈಕಿ ಗ್ರಾಮೀಣ ಪ್ರಯಾಣಿಕನಿಗೆ ನಿಜಕ್ಕೂ ಮಹತ್ವದ್ದು ಜೋಡಿ ಮಾರ್ಗ. ಒಂಟಿ ಹಳಿ ಇದ್ದಾಗ ಎದುರಿನಿಂದ ಬರುವ ಗಾಡಿಗೆ ದಾರಿ ಬಿಟ್ಟುಕೊಡಲು ಪ್ಯಾಸೆಂಜರ್ ರೈಲು ಸಣ್ಣ ನಿಲ್ದಾಣದಲ್ಲಿ ಗಂಟೆಗಟ್ಟಲೆ ಕಾಯಬೇಕಿತ್ತು. ಎಕ್ಸ್‌ಪ್ರೆಸ್ಸಿಗೆ ಮೊದಲ ಆದ್ಯತೆ, ಸರಕಿಗೆ ಎರಡನೆಯದು, ಕೊನೆಗೆ ಪ್ಯಾಸೆಂಜರ್ ಎಂಬುದು ಅಲಿಖಿತ ನಿಯಮವಾಗಿತ್ತು. ಹೆಚ್ಚು ಗಾಡಿ ಬಿಡಿ ಎಂದಾಗಲೆಲ್ಲ ಹಳಿಯಲ್ಲಿ ಜಾಗವಿಲ್ಲ ಎಂಬ ಉತ್ತರ ಬರುತ್ತಿತ್ತು. ಆ ಉತ್ತರದ ಬಲ ಈಗ ಬಹುಮಟ್ಟಿಗೆ ಕುಗ್ಗಿದೆ. ಹೊಸದಾಗಿ ದೊರೆತ ಈ ಸಾಮರ್ಥ್ಯ ಯಾರ ಪಾಲಿಗೆ ಹೋಗಬೇಕು ಎಂಬುದೇ ಈಗಿನ ಮುಖ್ಯ ಪ್ರಶ್ನೆ.

ಹತ್ತು ರೂಪಾಯಿ, ಮೂವತ್ತು ರೂಪಾಯಿ

ಸ್ಥಳೀಯ ಗಾಡಿಗಳ ಸ್ಥಾನ ಎಷ್ಟು ದುರ್ಬಲ ಎಂಬುದನ್ನು ಕೊರೊನಾ ಕಾಲ ತೋರಿಸಿಕೊಟ್ಟಿತು. 2020ರ ಮಾರ್ಚ್‌ನಲ್ಲಿ ದೇಶದಾದ್ಯಂತ ಪ್ರಯಾಣಿಕ ರೈಲುಗಳು ನಿಂತವು. ದೂರದ ಎಕ್ಸ್‌ಪ್ರೆಸ್‌ಗಳು ಮೊದಲು ಮರಳಿದವು. ಪ್ಯಾಸೆಂಜರ್ ಗಾಡಿಗಳು ತಡವಾಗಿ ಬಂದವು, ಬಂದಾಗಲೂ ವಿಶೇಷ ರೈಲು ಎಂಬ ಹಣೆಪಟ್ಟಿ ಹೊತ್ತು ಎಕ್ಸ್‌ಪ್ರೆಸ್ ದರ ವಿಧಿಸಿದವು. ಕನಿಷ್ಠ ಟಿಕೆಟ್ ದರ 10 ರೂಪಾಯಿಯಿಂದ 30 ರೂಪಾಯಿಗೆ ಏರಿತು. ಗಾಡಿ ಅದೇ, ನಿಲುಗಡೆ ಅದೇ, ವೇಗವೂ ಅದೇ. ಏರಿದ್ದು ದರವೊಂದೇ. 2024ರ ಫೆಬ್ರುವರಿಯಲ್ಲಿ ಹಳೆಯ ದರ ಮರಳುವವರೆಗೆ ಈ ವ್ಯವಸ್ಥೆ ಮುಂದುವರಿಯಿತು.

ಬೆಂಗಳೂರಿಗೆ ಹೋಗುವವನಿಗೆ 20 ರೂಪಾಯಿಯ ವ್ಯತ್ಯಾಸ ದೊಡ್ಡದಲ್ಲ. ಕುಂದಗೋಳದಿಂದ ದಿನಾ ಹೋಗಿಬರುವ ಕೂಲಿಕಾರನಿಗೆ ಅದು ದಿನಕ್ಕೆ 40 ರೂಪಾಯಿ. ತಿಂಗಳಿಗೆ 25 ದಿನ ದುಡಿದರೆ ಸಾವಿರ ರೂಪಾಯಿ. ಇದೇ ಅವಧಿಯಲ್ಲಿ ರೈಲ್ವೆ ಇಲಾಖೆ ವೇಳಾಪಟ್ಟಿಯನ್ನು ಹೊಸದಾಗಿ ಹೆಣೆಯುವ ನೆಪದಲ್ಲಿ, ಕಡಿಮೆ ಜನ ಹತ್ತಿ ಇಳಿಯುವ ನಿಲುಗಡೆಗಳನ್ನು ದೇಶದ ಹಲವೆಡೆ ಕೈಬಿಟ್ಟಿತು. ಗಾಡಿ ನಿಲ್ಲದಿದ್ದರೆ ಜನ ಬರುವುದಿಲ್ಲ, ಜನ ಬರುವುದಿಲ್ಲವೆಂದು ಗಾಡಿ ನಿಲ್ಲುವುದಿಲ್ಲ. ಸಣ್ಣ ನಿಲ್ದಾಣಗಳು ಈ ಸುಳಿಗೆ ಒಮ್ಮೆ ಸಿಲುಕಿದರೆ ಹೊರಬರುವುದು ಕಷ್ಟ.

2025ರ ಜುಲೈನಲ್ಲಿ ರೈಲ್ವೆ ದರ ಪರಿಷ್ಕರಣೆಯಾದಾಗ 500 ಕಿ.ಮೀ.ವರೆಗಿನ ಸಾಮಾನ್ಯ ಎರಡನೇ ದರ್ಜೆಯನ್ನೂ ಮಾಸಿಕ ಪಾಸುಗಳನ್ನೂ ಹೆಚ್ಚಳದಿಂದ ಹೊರಗಿಡಲಾಯಿತು. ಇದು ಸ್ವಾಗತಾರ್ಹ. ಆದರೆ ದರ ಅಗ್ಗವಾಗಿದ್ದು ಹೊತ್ತಿಗೆ ಗಾಡಿ ಇಲ್ಲದಿದ್ದರೆ ಪಾಸು ಕಿಸೆಯಲ್ಲೇ ಉಳಿಯುತ್ತದೆ.

ರಸ್ತೆಯ ಕಡೆಯ ಚಿತ್ರವನ್ನೂ ಮರೆಯುವಂತಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ‘ಶಕ್ತಿ’ ಯೋಜನೆಯಿಂದ ರಾಜ್ಯದ ಸಾಮಾನ್ಯ ಸಾರಿಗೆ ಬಸ್‌ಗಳಲ್ಲಿ ಮಹಿಳೆಯರಿಗೆ ಉಚಿತ ಪ್ರಯಾಣ ದೊರೆಯಿತು. ನಾಲ್ಕೂ ತಾಲೂಕುಗಳ ಮಹಿಳೆಯರು ಸಹಜವಾಗಿಯೇ ಬಸ್ಸಿನತ್ತ ಹೊರಳಿದರು. ಹೀಗಿದ್ದೂ ರೈಲಿನ ಅಗತ್ಯ ಕಡಿಮೆಯಾಗಿಲ್ಲ. ಬೆಳಗಿನ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲದಿರುವುದೇ ಅದಕ್ಕೆ ಕಾರಣ. ಒಂದು ಬಸ್ಸಿನಲ್ಲಿ ಐವತ್ತು ಅರವತ್ತು ಜನ ಹಿಡಿದರೆ, ಹತ್ತು ಬೋಗಿಯ ಒಂದು ಗಾಡಿಯಲ್ಲಿ ಸಾವಿರ ಜನ ಹೋಗಬಹುದು.

ಹಳಿಯಿಲ್ಲದ ಎರಡು ಊರು

ನವಲಗುಂದ ಮತ್ತು ಕಲಘಟಗಿಯ ಸ್ಥಿತಿ ಬೇರೆ. ಇವೆರಡನ್ನೂ ಜೋಡಿಸುವುದು ರಾಷ್ಟ್ರೀಯ ಹೆದ್ದಾರಿ 52. ವಿಜಯಪುರದ ಕಡೆಯಿಂದ ನರಗುಂದ, ನವಲಗುಂದ ಹಾದು ಹುಬ್ಬಳ್ಳಿಗೆ ಬರುವ ಈ ಹೆದ್ದಾರಿ ಮುಂದೆ ಕಲಘಟಗಿ, ಯಲ್ಲಾಪುರ ದಾಟಿ ಅಂಕೋಲೆ ಸೇರುತ್ತದೆ. ಬಯಲುಸೀಮೆಯಿಂದ ಕರಾವಳಿಗೆ ಚಕ್ಕಡಿಗಳು ಸಾಗುತ್ತಿದ್ದ ದಿಕ್ಕೇ ಇದು. ಆ ದಿಕ್ಕಿನಲ್ಲಿ ರೈಲು ಇಂದಿಗೂ ಇಲ್ಲ.

ಕಲಘಟಗಿಯ ಆಸೆ ಹುಬ್ಬಳ್ಳಿ–ಅಂಕೋಲಾ ಮಾರ್ಗದೊಂದಿಗೆ ತಳುಕು ಹಾಕಿಕೊಂಡಿದೆ. 1997–98ರ ರೈಲ್ವೆ ಬಜೆಟ್‌ನಲ್ಲಿ ಮಂಜೂರಾದ ಈ ಯೋಜನೆಯ ಉದ್ದ ಸುಮಾರು 164 ಕಿ.ಮೀ. ಹುಬ್ಬಳ್ಳಿ ಕಡೆಯ ಬಯಲಿನಲ್ಲಿ ಕೆಲಸ ಆರಂಭವೂ ಆಗಿತ್ತು. ಆದರೆ ಘಟ್ಟದ ಭಾಗಕ್ಕೆ ಅರಣ್ಯ ಅನುಮತಿ ಸಿಗದೆ ಯೋಜನೆ ನಿಂತಿತು. ಪರಿಷ್ಕೃತ ಪ್ರಸ್ತಾವಕ್ಕೂ ಸುಮಾರು 595 ಹೆಕ್ಟೇರ್ ಅರಣ್ಯ ಭೂಮಿ ಬೇಕಿತ್ತು. 2020ರ ಮಾರ್ಚ್‌ನಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಒಪ್ಪಿಗೆ ನೀಡಿತು. ಜೂನ್‌ನಲ್ಲಿ ಹೈಕೋರ್ಟ್ ತಡೆ ನೀಡಿತು. ಆ ಬಳಿಕವೂ ಯೋಜನೆ ಸಮಿತಿ, ಸಮೀಕ್ಷೆ, ಪರಿಷ್ಕರಣೆಗಳ ನಡುವೆ ಸುತ್ತುತ್ತ ಬಂದಿದೆ. 2022ರ ಮೇ ತಿಂಗಳಲ್ಲಿ ಗೋವೆಯ ಗಡಿಯ ಕ್ಯಾಸಲ್‌ರಾಕ್–ಕುಳೆಂ ಜೋಡಿ ಮಾರ್ಗಕ್ಕೆ ದೊರೆತಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಪಶ್ಚಿಮಘಟ್ಟದಲ್ಲಿ ಹೊಸ ಹಳಿ ಹಾಕುವುದು ಇನ್ನು ಮುಂದೆ ಸುಲಭವಲ್ಲ ಎಂಬುದಕ್ಕೆ ಇದು ಸೂಚನೆ.

ಹಾಗಾದರೆ ಅರಣ್ಯದ ತಕರಾರಿಲ್ಲದ ಬಯಲಿನ ಭಾಗವನ್ನಷ್ಟೇ ಮೊದಲು ಮುಗಿಸಿ ಕಲಘಟಗಿಗೆ ರೈಲು ಬಿಡಬಾರದೇ ಎಂಬ ಪ್ರಶ್ನೆ ಸ್ಥಳೀಯರದು. ಪ್ರಶ್ನೆ ನ್ಯಾಯವಾದುದೇ. ಆದರೆ ಎರಡು ತೊಡಕುಗಳಿವೆ. ಬಂದರು ಮುಟ್ಟದ 30 ಕಿ.ಮೀ.ಯ ತುಂಡು ಮಾರ್ಗಕ್ಕೆ ಸರಕಿನ ಆದಾಯ ಬಾರದು ಎಂಬುದು ಮೊದಲನೆಯದು. ಬಯಲಿನ ತುಂಡು ಮುಗಿದರೆ ಅಷ್ಟು ಖರ್ಚಾಗಿದೆ ಎಂಬ ನೆಪವೊಡ್ಡಿ ಕಾಡಿನ ಭಾಗಕ್ಕೆ ಅನುಮತಿ ಪಡೆಯುವ ಒತ್ತಡ ಹೆಚ್ಚೀತು ಎಂಬ ಪರಿಸರವಾದಿಗಳ ಆತಂಕ ಎರಡನೆಯದು. ಕಲಘಟಗಿಯ ಜನರ ದಿನನಿತ್ಯದ ಪ್ರಯಾಣ ಹೀಗೆ ಬಂದರು ಮತ್ತು ಕಾಡಿನ ದೊಡ್ಡ ವಾದದಲ್ಲಿ ಒತ್ತೆಯಾಗಿ ಕುಳಿತಿದೆ.

ನವಲಗುಂದದ ಕಥೆ ಇನ್ನೂ ಮೌನದ್ದು. 1980ರ ರೈತ ಬಂಡಾಯದಿಂದ ಕಳಸಾ–ಬಂಡೂರಿವರೆಗೆ ಈ ನೆಲದ ಹೋರಾಟಗಳೆಲ್ಲ ನೀರಿನ ಸುತ್ತಲೇ ನಡೆದಿವೆ. ಧಾರವಾಡದಿಂದ ಸವದತ್ತಿ, ರಾಮದುರ್ಗದ ಮೂಲಕ ಲೋಕಾಪುರಕ್ಕೆ ರೈಲು ಬೇಕೆಂಬ ಹಳೆಯ ಬೇಡಿಕೆ ಇದೆ. ಅದು ಈಡೇರಿದರೂ ನವಲಗುಂದ ಪಟ್ಟಣಕ್ಕೆ ನೇರ ಪ್ರಯೋಜನವಿಲ್ಲ. ಆದರೆ ನವಲಗುಂದಕ್ಕೆ ಒಂದು ಅನುಕೂಲವಿದೆ. ಅಣ್ಣಿಗೇರಿ ನಿಲ್ದಾಣ ಅಲ್ಲಿಂದ ಸುಮಾರು 20 ಕಿ.ಮೀ. ಆಸುಪಾಸಿನಲ್ಲಿದೆ. ಆದಿಕವಿ ಪಂಪನ ಹುಟ್ಟೂರು, ಅಮೃತೇಶ್ವರ ದೇಗುಲದ ನೆಲೆಯಾದ ಅಣ್ಣಿಗೇರಿ ಪ್ರತ್ಯೇಕ ತಾಲೂಕಾಗುವವರೆಗೆ ನವಲಗುಂದ ತಾಲೂಕಿಗೇ ಸೇರಿತ್ತು. ತಾಲೂಕು ಕಚೇರಿಗಾಗಿ ಅಣ್ಣಿಗೇರಿಯವರು ನವಲಗುಂದಕ್ಕೆ ಹೋಗುತ್ತಿದ್ದ ದಾರಿಯಲ್ಲೇ ರೈಲಿಗಾಗಿ ನವಲಗುಂದದವರು ಅಣ್ಣಿಗೇರಿಗೆ ಬರಬಹುದು. ಅದಕ್ಕೆ ಬೇಕಾದದ್ದು ಗಾಡಿಯ ಹೊತ್ತಿಗೆ ಹೊಂದುವ ಬಸ್ಸು.

ಅಣ್ಣಿಗೇರಿಯ ಮಹತ್ವ ಮುಂದೆ ಇನ್ನಷ್ಟು ಹೆಚ್ಚಲಿದೆ. ಗದಗ–ವಾಡಿ ಮಾರ್ಗದ ಭಾಗವಾದ ತಳಕಲ್–ಕುಷ್ಟಗಿ ಹಳಿ ಸಿದ್ಧವಾಗಿ 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿ–ಕುಷ್ಟಗಿ ರೈಲು ಆರಂಭವಾಯಿತು. ಈ ಮಾರ್ಗ ಪೂರ್ಣಗೊಂಡರೆ ಕಲ್ಯಾಣ ಕರ್ನಾಟಕದಿಂದ ಹುಬ್ಬಳ್ಳಿಗೆ ಬರುವ ಗಾಡಿಗಳು ಅಣ್ಣಿಗೇರಿಯ ಮೇಲೆಯೇ ಹಾದುಹೋಗಬೇಕು. ಅವು ಅಲ್ಲಿ ನಿಲ್ಲುತ್ತವೆಯೋ ಇಲ್ಲವೋ ಎಂಬುದು ಈಗಲೇ ಕೇಳಬೇಕಾದ ಪ್ರಶ್ನೆ.

ನಿಲ್ದಾಣದ ಹೊರಗೆ

ರೈಲಿನಿಂದ ಇಳಿದವನ ಪ್ರಯಾಣ ನಿಲ್ದಾಣದಲ್ಲಿ ಮುಗಿಯುವುದಿಲ್ಲ. ಧಾರವಾಡದ ಕಡೆ ಹೋಗುವವರಿಗೆ ನಿಲ್ದಾಣದ ಎದುರೇ ಚಿಗರಿ ಬಸ್ ಸಿಗುತ್ತದೆ. 2018ರಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಗೊಂಡ ತ್ವರಿತ ಬಸ್ ಸಾರಿಗೆ ಅವಳಿ ನಗರಗಳ ನಡುವಿನ ಓಡಾಟವನ್ನು ಸಲೀಸಾಗಿಸಿತು. ಆದರೆ ನವಲಗುಂದಕ್ಕೋ ಕಲಘಟಗಿಗೋ ಹೋಗುವವನಿಗೆ ಆ ಸೌಕರ್ಯವಿಲ್ಲ. ಹಳೇ ಬಸ್ ನಿಲ್ದಾಣ, ಹೊಸೂರು, ಗೋಕುಲ ರಸ್ತೆ ಎಂದು ಬಸ್ಸುಗಳು ಊರಿನ ಬೇರೆ ಬೇರೆ ಕಡೆಗಳಿಂದ ಹೊರಡುತ್ತವೆ. ಚನ್ನಮ್ಮ ವೃತ್ತದ ಮೇಲ್ಸೇತುವೆ ಕಾಮಗಾರಿಗಾಗಿ 2025ರಲ್ಲಿ ಹಳೇ ಬಸ್ ನಿಲ್ದಾಣದ ಸಂಚಾರವನ್ನು ತಿರುಗಿಸಬೇಕಾಗಿ ಬಂದಾಗ ಹಳ್ಳಿಯ ಪ್ರಯಾಣಿಕರ ಗೊಂದಲ ಇನ್ನೂ ಹೆಚ್ಚಿತು. ರಾತ್ರಿ ಗಾಡಿ ಇಳಿದವನು ಗಂಟು ಮೂಟೆ, ಮಕ್ಕಳೊಂದಿಗೆ ಆಟೊ ಹಿಡಿದು ಬಸ್ ನಿಲ್ದಾಣ ಮುಟ್ಟುವಷ್ಟರಲ್ಲಿ ಊರಿನ ಕೊನೆಯ ಬಸ್ ಹೋಗಿರುತ್ತದೆ.

ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿಯೂ ಇಲ್ಲಿಯೇ ಇದೆ. ಎರಡು ಸಂಸ್ಥೆಗಳ ಮುಖ್ಯಸ್ಥರು ಒಂದೇ ಊರಿನಲ್ಲಿ ಕುಳಿತಿರುವಾಗ ರೈಲಿನ ವೇಳೆಗೂ ಬಸ್ಸಿನ ವೇಳೆಗೂ ಹೊಂದಾಣಿಕೆ ಇಲ್ಲದಿರುವುದಕ್ಕೆ ದೂರದ ದಿಲ್ಲಿಯನ್ನು ದೂರಿ ಫಲವಿಲ್ಲ.

ಇಲಾಖೆಯ ವಾದ ಮತ್ತು ಸಾಧ್ಯವಿರುವ ದಾರಿ

ರೈಲ್ವೆಯ ಕಡೆಯಿಂದಲೂ ಒಂದು ವಾದವಿದೆ. ಸ್ಥಳೀಯ ಗಾಡಿಯ ಟಿಕೆಟ್ ಹಣದಿಂದ ಅದರ ಖರ್ಚು ಹುಟ್ಟುವುದಿಲ್ಲ. ಇಲಾಖೆ ಬದುಕಿರುವುದು ಸರಕಿನ ಆದಾಯದಿಂದ. ಹೊಸಪೇಟೆ–ಹುಬ್ಬಳ್ಳಿ ಮಾರ್ಗ ಅದಿರು, ಕಲ್ಲಿದ್ದಲು, ಉಕ್ಕು ಸಾಗುವ ಹೆದ್ದಾರಿ. ಪ್ರತಿ ಹೆಚ್ಚುವರಿ ನಿಲುಗಡೆಯೂ ಹಿಂದೆ ಬರುವ ಗಾಡಿಯ ವೇಗ ತಗ್ಗಿಸುತ್ತದೆ. ಈ ಮಾತುಗಳಲ್ಲಿ ಹುರುಳಿದೆ. ಆದರೆ ಜೋಡಿ ಹಳಿಗೂ ವಿದ್ಯುದೀಕರಣಕ್ಕೂ ಹಾಕಿದ ಹಣ ಸಾರ್ವಜನಿಕರದ್ದು. ಆ ಹಳಿ ಹಾಕಲು ಜಮೀನು ಬಿಟ್ಟುಕೊಟ್ಟವರು ಅದೇ ಹಳ್ಳಿಗಳ ರೈತರು. ತಮ್ಮ ಹೊಲದ ಬದಿಯಲ್ಲಿ ನಿಲ್ಲದೆ ಓಡುವ ಗಾಡಿಯನ್ನು ನೋಡುತ್ತ ನಿಲ್ಲುವುದಷ್ಟೇ ಅವರ ಪಾಲಾಗಬಾರದು.

ಬೇಕಿರುವುದು ಸಾವಿರಾರು ಕೋಟಿಯ ಯೋಜನೆಯೂ ಅಲ್ಲ. ಕುಂದಗೋಳದಿಂದಾಗಲಿ ಅಣ್ಣಿಗೇರಿಯಿಂದಾಗಲಿ ಹುಬ್ಬಳ್ಳಿಗೆ ಬಂದ ಗಾಡಿ ದಿಕ್ಕು ಬದಲಿಸದೆ ನೇರವಾಗಿ ಧಾರವಾಡಕ್ಕೆ ಮುಂದುವರಿಯಬಲ್ಲದು. ಹಳಿಗಳ ಜೋಡಣೆಯೇ ಹಾಗಿದೆ. ಕರ್ನಾಟಕ ವಿಶ್ವವಿದ್ಯಾಲಯ, ಹೈಕೋರ್ಟ್ ಪೀಠ, ಜಿಲ್ಲಾಡಳಿತದ ಕಚೇರಿಗಳು ಇರುವುದು ಧಾರವಾಡದಲ್ಲಿ. ಗದಗಿನಿಂದ ಅಣ್ಣಿಗೇರಿ ಮೂಲಕ, ಹಾವೇರಿಯಿಂದ ಕುಂದಗೋಳದ ಮೂಲಕ ಹುಬ್ಬಳ್ಳಿ ದಾಟಿ ಧಾರವಾಡದವರೆಗೆ ಬೆಳಿಗ್ಗೆ ಕಚೇರಿ, ಕಾಲೇಜುಗಳ ಹೊತ್ತಿಗೆ ತಲುಪುವಂತೆ, ಸಂಜೆ ಅವು ಮುಗಿದ ಮೇಲೆ ಹೊರಡುವಂತೆ ಮೆಮು ಗಾಡಿಗಳನ್ನು ಓಡಿಸಿದರೆ ಎರಡು ತಾಲೂಕುಗಳ ದೊಡ್ಡ ಕೊರತೆ ನೀಗುತ್ತದೆ. ಮೆಮು ಗಾಡಿಗೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬದಲಿಸುವ ತಾಪತ್ರಯವಿಲ್ಲ. ಬೇಗ ವೇಗ ಪಡೆಯುವುದರಿಂದ ಸಣ್ಣ ನಿಲುಗಡೆಗಳಲ್ಲಿ ವ್ಯರ್ಥವಾಗುವ ಸಮಯವೂ ಕಡಿಮೆ.

ಹಳಿಯಿಲ್ಲದ ತಾಲೂಕುಗಳಿಗೆ ನಿಲ್ದಾಣದ ಆವರಣದಲ್ಲೇ ಬಸ್ ಬೇಕು. ಪ್ರವೇಶದ್ವಾರಗಳ ಪೈಕಿ ಒಂದರ ಬಳಿ ನವಲಗುಂದ, ಕಲಘಟಗಿ ಬಸ್ಸುಗಳಿಗೆ ನಿಗದಿತ ಜಾಗ ಕೊಡುವುದು, ಮುಖ್ಯ ಗಾಡಿಗಳು ಬಂದ ಮೇಲೆ ಬಸ್ ಹೊರಡುವಂತೆ ವೇಳೆ ಹೊಂದಿಸುವುದು, ಬಸ್ ವೇಳಾಪಟ್ಟಿಯನ್ನು ಪ್ಲಾಟ್‌ಫಾರ್ಮಿನ ಫಲಕಗಳಲ್ಲಿ ಕನ್ನಡದಲ್ಲಿ ತೋರಿಸುವುದು, ಇವಕ್ಕೆ ಹಣಕ್ಕಿಂತ ಮನಸ್ಸು ಮುಖ್ಯ. 2022ರಲ್ಲಿ ಆರಂಭವಾದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಯಡಿ ನವಲಗುಂದದ ಜಮಖಾನೆ, ಕಲಘಟಗಿಯ ಬಣ್ಣದ ತೊಟ್ಟಿಲುಗಳಿಗೆ ಹುಬ್ಬಳ್ಳಿ ನಿಲ್ದಾಣದಲ್ಲಿ ಕಾಯಂ ಮಳಿಗೆ ಸಿಕ್ಕರೆ, ಹಳಿ ತಲುಪದ ಊರಿನ ಕಸುಬಿಗಾದರೂ ರೈಲಿನ ಗಿರಾಕಿ ಸಿಕ್ಕಾನು.

ಈ ವಿಷಯಗಳನ್ನು ಎತ್ತಲು ರೈಲ್ವೆ ಬಳಕೆದಾರರ ಸಲಹಾ ಸಮಿತಿಗಳೆಂಬ ವೇದಿಕೆಗಳಿವೆ. ಅಲ್ಲಿ ಕೇಳಿಬರುವ ಬೇಡಿಕೆಗಳು ಬಹುಪಾಲು ಮುಂಬಯಿ, ದಿಲ್ಲಿ, ತಿರುಪತಿ, ಕಾಶಿಗಳಿಗೆ ಹೊಸ ಗಾಡಿ ಬೇಕೆಂಬವು. ಅವೂ ಬೇಕು. ಆದರೆ ವರ್ಷಕ್ಕೊಮ್ಮೆ ಕಾಶಿಗೆ ಹೋಗುವವನ ಅಗತ್ಯಕ್ಕಿಂತ ದಿನಕ್ಕೆರಡು ಬಾರಿ ಹುಬ್ಬಳ್ಳಿಗೆ ಹೋಗಿಬರುವವನ ಅಗತ್ಯ ಕಡಿಮೆಯದಲ್ಲ. ಧಾರವಾಡ ಕ್ಷೇತ್ರವನ್ನು 2004ರಿಂದ ಸತತವಾಗಿ ಪ್ರತಿನಿಧಿಸುತ್ತ ಬಂದಿರುವ ಪ್ರಲ್ಹಾದ ಜೋಶಿ ಕೇಂದ್ರ ಸಂಪುಟದಲ್ಲಿ ಸ್ಥಾನ ಪಡೆದವರು. ಅವರೂ ಜಿಲ್ಲೆಯ ಶಾಸಕರೂ ಉದ್ಘಾಟನೆಗಳ ವೇದಿಕೆ ಇಳಿದ ಮೇಲೆ ವೇಳಾಪಟ್ಟಿಯ ಪುಟ ತೆರೆದು ಕೂರುವುದು ಅಗತ್ಯ.

ಬ್ರಿಟಿಷರು ಹಳಿ ಹಾಕಿದ್ದು ಹತ್ತಿಯ ಅಂಡಿಗೆಗಳಿಗಾಗಿ. ಆದರೂ ಆ ಹಳಿಯ ಮೇಲೆ ಓಡಿದ ಸಾಮಾನ್ಯ ಗಾಡಿಯೊಂದು ಹುಬ್ಬಳ್ಳಿಯ ಗಾಯಕಿಯನ್ನು ಕುಂದಗೋಳದ ಗುರುವಿನ ಬಳಿಗೆ ಮುಟ್ಟಿಸಿ, ಮನೆಗೂ ಮರಳಿಸಿತು. ಈಗ ಹಳಿ ಎರಡಾಗಿದೆ, ವಿದ್ಯುತ್ ಬಂದಿದೆ, ವಲಯ ಕಚೇರಿ ಊರಿನಲ್ಲೇ ಇದೆ, ಪ್ಲಾಟ್‌ಫಾರ್ಮ್ ಜಗತ್ತಿಗೇ ಉದ್ದವಾಗಿದೆ. ಆ ಪ್ಲಾಟ್‌ಫಾರ್ಮಿನ ಒಂದು ಮೂಲೆಯಲ್ಲಿ ಸಂಜೆಯ ಹೊತ್ತು ಅಣ್ಣಿಗೇರಿಗೋ ಕುಂದಗೋಳಕ್ಕೋ ಹೊರಡುವ ಗಾಡಿಯೊಂದು ಸಮಯಕ್ಕೆ ಸರಿಯಾಗಿ ನಿಂತಿರಬೇಕು ಎಂಬುದಷ್ಟೇ ಜಿಲ್ಲೆಯ ಜನರ ನಿರೀಕ್ಷೆ.